ಅಂಟುಚೀಟಿಗೆ ಮುಂಚಿನ ಠಸ್ಸೆ: ತಾಳೆ ನೋಡುವ ಬಗೆ

ಹಳೇ ಕಾಗದದ ಕಟ್ಟು ಎದುರಿಗೆ ಬಂದರೆ ಮೊದಲು ಕತ್ತರಿಯನ್ನು ಬೇರೆ ಕೋಣೆಗೆ ಸಾಗಿಸಿ. ಅಂಚೆಚೀಟಿ ಬರುವುದಕ್ಕೆ ಮುಂಚೆ ಅಂಚೆಯವರು ಕಾಗದಕ್ಕೆ ಒತ್ತುತ್ತಿದ್ದ ಠಸ್ಸೆಗಳನ್ನು ಆ ಕಾಗದದಿಂದ ಚೌಕವಾಗಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಚಾಳಿ ಹಿಂದೆ ಇತ್ತು. ಅಂಥ ತುಂಡುಗಳು ಈಗಲೂ ಮಾರಾಟಕ್ಕೆ ಬರುತ್ತವೆ. ಎರಡಿಂಚಿನ ಚೌಕದಲ್ಲಿ ಊರ ಹೆಸರೊಂದು ಉಳಿದಿರುತ್ತದೆ. ತೂಕ, ದರ, ತಾರೀಖು, ಬಂದ ಹಾದಿ, ಬಟವಾಡೆಯಾದ ದಿನ ಎಲ್ಲವೂ ಹೋಗಿರುತ್ತದೆ. ಆಮೇಲೆ ಆ ಠಸ್ಸೆ ಅಸಲಿಯೋ ನಕಲಿಯೋ ಎಂದು ಹೇಳುವುದು ಪರಿಣತರಿಗೂ ಕಷ್ಟ. ತಾಳೆ ನೋಡಲು ಪಕ್ಕದಲ್ಲಿ ಏನೂ ಇರುವುದಿಲ್ಲವಲ್ಲ.

ಈ ಬರಹವೆಲ್ಲ ಆ ತಾಳೆಯ ಬಗ್ಗೆಯೇ. ಅಪರೂಪದ ಠಸ್ಸೆ ಯಾವುದು ಎಂಬ ಪಟ್ಟಿ ಬೇಕಾದವರು ಹ್ಯಾಮಂಡ್ ಗೈಲ್ಸ್ ಮಾಡಿದ ಕ್ಯಾಟಲಾಗ್ ನೋಡಬಹುದು. ವ್ಯಾಪಾರಿಗಳು ‘ಗೈಲ್ಸ್ ನಂಬರ್ ಇಷ್ಟು’ ಎಂದು ಬರೆಯುವುದು ಅದನ್ನೇ ನೋಡಿ. ಆದರೆ ನಂಬರ್ ಗೊತ್ತಿದ್ದು ಕಾಗದ ಓದಲು ಬಾರದಿದ್ದರೆ ದುಡ್ಡು ಹೋಗುವುದು ಖಂಡಿತ.

ಮೊದಲು ಕಾಲದ ಗಡಿ. ಕಂಪೆನಿ ಸರಕಾರದ 1854ರ 17ನೇ ಕಾಯಿದೆಯಂತೆ ಆ ವರ್ಷ ಅಕ್ಟೋಬರ್ 1ರಿಂದ ದೇಶಕ್ಕೆಲ್ಲ ಒಂದೇ ದರ ಮತ್ತು ಅಂಟುಚೀಟಿ ಬಂತು. ನಮ್ಮ ಪಂಚಾಂಗದಲ್ಲಿ ಅದು ಆನಂದ ಸಂವತ್ಸರದ ಆಶ್ವಯುಜ, ನವರಾತ್ರಿ ಮುಗಿಯುವ ಹೊತ್ತು. ಅದಕ್ಕೆ ಮುಂಚೆ 1852ರ ಜುಲೈಯಲ್ಲಿ ಸಿಂಧ್‌ನಲ್ಲಿ ಅರ್ಧ ಆಣೆಯ ಚೀಟಿ ಬಂದಿತ್ತು, ಅದು ಆ ಪ್ರಾಂತ್ಯದ ಮಟ್ಟಿಗೆ. ಹಾಗಾಗಿ ನಮ್ಮ ಕರಾವಳಿಯಲ್ಲಿ ಚೀಟಿ ಇಲ್ಲದ ಕಾಲವೆಂದರೆ 1799ರಲ್ಲಿ ಟಿಪ್ಪು ಬಿದ್ದು ಕೆನರಾ ಕಂಪೆನಿಯ ಕೈಗೆ ಬಂದಲ್ಲಿಂದ 1854ರವರೆಗಿನ ಸುಮಾರು 55 ವರ್ಷ. ಈ ಅವಧಿಯ ಒಳಗೆ ಇನ್ನೊಂದು ಗೆರೆ ಇದೆ: 1837ರ ಅಕ್ಟೋಬರ್ 1. ಅಂದಿನಿಂದ ಆ ವರ್ಷದ ಅಂಚೆ ಕಾಯಿದೆ ಜಾರಿಗೆ ಬಂದು, ಕಾಗದ ಸಾಗಿಸುವ ಹಕ್ಕು ಸರಕಾರದ್ದೇ ಆಯಿತು. ದೂರ ಮತ್ತು ತೂಕ ನೋಡಿ ದರ ಹಾಕುವ ಪಟ್ಟಿ ಎಲ್ಲ ಪ್ರೆಸಿಡೆನ್ಸಿಗೂ ಒಂದಾಯಿತು. ಗೆರೆಯ ಆಚೆಗಿನ ಕಾಗದಕ್ಕೂ ಈಚೆಗಿನದಕ್ಕೂ ಒಂದೇ ಲೆಕ್ಕ ಹಾಕಬೇಡಿ.

ಕಾಸರಗೋಡಿನಲ್ಲಿ ಕೂತು ಸಂಗ್ರಹಿಸುವವರಿಗೆ ಒಂದು ಅನುಕೂಲವಿದೆ: ಮೂರು ಬಗೆಯ ಟಪ್ಪಾಲು ಸುತ್ತಮುತ್ತ ಇತ್ತು. ಕರಾವಳಿ ಹಾದಿಯಲ್ಲಿ ಮದರಾಸು ಪ್ರೆಸಿಡೆನ್ಸಿಯ ಕಂಪೆನಿ ಟಪ್ಪಾಲು. ಘಟ್ಟದ ಮೇಲೆ ಮೈಸೂರಿನ ಅಂಚೆ. ತೆಂಕಣಕ್ಕೆ ಹೋದರೆ ಕೊಚ್ಚಿ, ತಿರುವಾಂಕೂರಿನ ಅಂಚಲ್. ಹೆಸರೇ ನೋಡಿ. ಮೈಸೂರಿನವರ ಅಂಚೆ ಇಡೀ ಕನ್ನಡಕ್ಕೆ ಬಂತು, ಕಂಪೆನಿಯವರ ಟಪ್ಪಾಲು ಮಲಯಾಳದಲ್ಲಿ ‘ತಪಾಲ್’ ಆಗಿ ಉಳಿಯಿತು. ನಮ್ಮೂರಿನ ಕನ್ನಡದವರಿಗೆ ಎರಡೂ ಬಾಯಲ್ಲಿದೆ.

ಕಾಸರಗೋಡು ಆಗ ಕೆನರಾ ಜಿಲ್ಲೆಯ ತೆಂಕು ತುದಿ. ಮಂಗಳೂರಿನಲ್ಲಿ ಕಲೆಕ್ಟರ ಕಚೇರಿ, ತೆಂಕಿಗೆ ಕಣ್ಣೂರಿನಲ್ಲಿ ದಂಡು. ದಂಡಿದ್ದ ಊರಿನಿಂದ ಕಾಗದ ಹೆಚ್ಚು ಹೊರಡುತ್ತದೆ. ಸಿಪಾಯಿಗಳ ಮೇಲಿನ ಅಧಿಕಾರಿಗಳಿಗೆ ಸೀಮೆಯಲ್ಲಿ ಅಮ್ಮ, ಅಕ್ಕ, ಸಾಲಗಾರ ಎಲ್ಲರೂ ಇದ್ದರು. ಆದ್ದರಿಂದ ಕಣ್ಣೂರಿನ ಠಸ್ಸೆ ಸಣ್ಣ ಊರುಗಳದ್ದಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಮಂಗಳೂರಿನ ಕಾಗದಗಳಲ್ಲಿ ಕಚೇರಿ ಪತ್ರವ್ಯವಹಾರವೂ ವ್ಯಾಪಾರಿಗಳದ್ದೂ ಪಾದ್ರಿಗಳದ್ದೂ ಬೆರೆತಿರುತ್ತದೆ. ಬಾಸೆಲ್ ಮಿಶನ್ನಿನವರು 1834ರ ಅಕ್ಟೋಬರ್ 30ಕ್ಕೆ ಮಂಗಳೂರಿಗೆ ಬಂದಿಳಿದವರು. ಬರೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ನಮ್ಮ ಸಲಹೆ ಏನೆಂದರೆ, ‘ನಮ್ಮೂರ ಹೆಸರಿನ ಠಸ್ಸೆಯೇ ಬೇಕು’ ಎಂಬ ಹಟ ಬಿಟ್ಟುಬಿಡಿ. ವಿಳಾಸದಲ್ಲಿ, ಒಕ್ಕಣೆಯಲ್ಲಿ, ಹಾದಿಯಲ್ಲಿ ಊರು ಬರುವ ಕಾಗದ ಹುಡುಕಿ. ಇಂಗ್ಲಿಷಿನವರು ಕಾಸರಗೋಡನ್ನು ‘ಕ್ಯಾಸರ್ಗೋಡ್’ ಎಂದು ಸಿ ಅಕ್ಷರದಿಂದ, ಎಸ್ ಎರಡು ಹಾಕಿ ಬರೆಯುತ್ತಿದ್ದರು. ಹೊನ್ನಾವರ ‘ಓನೋರ್’ ಆಗಿದೆ, ತಲಶೇರಿ ‘ಟೆಲಿಚೆರಿ’. ಮಾರುವವರ ಪಟ್ಟಿಯಲ್ಲಿ ಇಂದಿನ ಕಾಗುಣಿತ ಹುಡುಕಿದರೆ ಏನೂ ಸಿಗುವುದಿಲ್ಲ. ನಾಲ್ಕಾರು ಹಳೆ ಕಾಗುಣಿತ ಬರೆದಿಟ್ಟುಕೊಂಡು ಹುಡುಕಿ.

ಇನ್ನು ಕಾಗದವನ್ನೇ ಕೈಗೆತ್ತಿಕೊಳ್ಳೋಣ. ಲಕೋಟೆ ಆಗ ಅಪರೂಪ. ದೊಡ್ಡ ಹಾಳೆಯನ್ನು ನಡುವೆ ಮಡಚಿ, ಮೂರು ಮಗ್ಗುಲಿಗೆ ಬರೆದು, ಖಾಲಿ ಉಳಿದ ನಾಲ್ಕನೇ ಮಗ್ಗುಲು ಹೊರಕ್ಕೆ ಬರುವಂತೆ ಮತ್ತೆ ಮಡಚಿ, ಒಂದು ಅಂಚನ್ನು ಇನ್ನೊಂದರೊಳಗೆ ತುರುಕಿ ಅರಗು ಒತ್ತುತ್ತಿದ್ದರು. ಹೊರಗಿನ ಮಗ್ಗುಲಿನ ಮಧ್ಯಕ್ಕೆ ವಿಳಾಸ. ಠಸ್ಸೆ ವಿಳಾಸದ ಕಡೆಯೂ ಇರಬಹುದು, ಅರಗಿನ ಕಡೆಯೂ ಇರಬಹುದು. ಪಡೆದವನ ಗುಮಾಸ್ತ ಆಮೇಲೆ ಉದ್ದಕ್ಕೆ ಮಡಚಿ, ತುದಿಯಲ್ಲಿ ಯಾರಿಂದ, ಯಾವ ತಾರೀಖಿನದು, ಯಾವತ್ತು ಮುಟ್ಟಿತು, ಯಾವತ್ತು ಜವಾಬು ಹೋಯಿತು ಎಂದು ಬರೆದು ಕಟ್ಟಿಗೆ ಸೇರಿಸುತ್ತಿದ್ದ. ಈ ನಾಲ್ಕು ಸಾಲಿನ ಷರಾ ಠಸ್ಸೆಗಿಂತ ದೊಡ್ಡ ಸಾಕ್ಷಿ.

ಹಳೆಯ ಠಸ್ಸೆಗಳಲ್ಲಿ ವರ್ಷವೇ ಇಲ್ಲದ್ದು ಬಹಳ. ಲಂಡನ್ನಿನಲ್ಲಿ 1661ರಲ್ಲಿ ಹೆನ್ರಿ ಬಿಷಪ್ ತಂದ ಸಣ್ಣ ದುಂಡು ಮುದ್ರೆಯಲ್ಲಿ ತಿಂಗಳ ಎರಡಕ್ಷರ ಮತ್ತು ದಿನ ಮಾತ್ರ ಇತ್ತು. ಅದೇ ಬಗೆಯದ್ದು 18ನೇ ಶತಮಾನದ ಕೊನೆಭಾಗದಲ್ಲಿ ಕಲ್ಕತ್ತಾ, ಮದರಾಸುಗಳಲ್ಲೂ ಬಂತು. ಆಮೇಲಿನ ಊರ ಠಸ್ಸೆಗಳಲ್ಲಿ ಬರೇ ಹೆಸರು ಒಂದು ಸಾಲಿನಲ್ಲಿರುವುದು, ಚೌಕಟ್ಟಿನೊಳಗಿರುವುದು, ಮೊಟ್ಟೆಯಾಕಾರದ್ದು, ದುಂಡಗಿನದು ಎಂದು ನಾನಾ ನಮೂನೆ. ಜೊತೆಗೆ ‘ಪೋಸ್ಟ್ ಪೇಯ್ಡ್’, ‘ಬೇರಿಂಗ್’, ‘ಶಿಪ್ ಲೆಟರ್’ ಇತ್ಯಾದಿ ಬೇರೆ ಠಸ್ಸೆಗಳು. 1837ರ ನಂತರ ದುಡ್ಡು ಕಟ್ಟಿದ ಕಾಗದಕ್ಕೆ ಕೆಂಪು ಶಾಯಿ, ಪಡೆದವನಿಂದ ವಸೂಲು ಮಾಡುವ ಬೇರಿಂಗ್ ಕಾಗದಕ್ಕೆ ಕಪ್ಪು ಶಾಯಿ ಎಂಬುದು ಸಾಮಾನ್ಯ ಪದ್ಧತಿ.

ಈ ಬಣ್ಣದಲ್ಲೇ ಹೊಸಬರು ಎಡವುವುದು. ಹಳೆ ಕೆಂಪು ಶಾಯಿಗೆ ಇಂಗಲೀಕ ಅಥವಾ ಸಿಂಧೂರ ಬೆರೆಸಿದ್ದರೆ ಬೆಳಕಿಗೆ, ಹೊಗೆಗೆ, ಗಾಳಿಯಲ್ಲಿನ ಗಂಧಕದ ಅಂಶಕ್ಕೆ ಅದು ಕಂದಿ ಕರಿಯಾಗುತ್ತದೆ. ಅಡುಗೆಮನೆಯ ಅಟ್ಟದಲ್ಲಿ ನೂರು ವರ್ಷ ಕೂತ ಕಟ್ಟಿನಲ್ಲಿ ಇದು ಮಾಮೂಲು. ಬರಿಗಣ್ಣಿಗೆ ಕಪ್ಪಾಗಿ ಕಂಡ ‘ಪೇಯ್ಡ್’ ಠಸ್ಸೆಯನ್ನು ಅಪರೂಪದ ಬಣ್ಣವೆಂದು ಹೆಚ್ಚು ಬೆಲೆ ಹೇಳುತ್ತಾರೆ. ಅಕ್ಕಸಾಲಿಗಳು ಬಳಸುವ 10 ಪಟ್ಟಿನ ಭೂತಗನ್ನಡಿಯಲ್ಲಿ ಅಕ್ಷರದ ಅಂಚು, ಮಡಿಕೆಯ ಒಳಭಾಗ ನೋಡಿ. ಬೆಳಕು ತಾಗದ ಕಡೆ ಇಟ್ಟಿಗೆ ಕೆಂಪಿನ ಕಣ ಉಳಿದೇ ಇರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೆ ಕೆಂಪು ಮರಳುತ್ತದೆ ಎಂಬ ಉಪಾಯ ಚೀಟಿ ಸಂಗ್ರಹಿಸುವವರಲ್ಲಿದೆ. ಕೈಬರಹ ಇರುವ ಕಾಗದಕ್ಕೆ ಅದನ್ನು ಮಾಡಬೇಡಿ. ಆ ಕಾಲದ ಬರಹದ ಶಾಯಿ ಕಬ್ಬಿಣದ ಉಪ್ಪಿನದ್ದು; ಪೆರಾಕ್ಸೈಡ್ ತಾಗಿದರೆ ಅಕ್ಷರವೂ ಮಾಸುತ್ತದೆ, ಕಾಗದದ ನಾರೂ ಕೆಡುತ್ತದೆ.

ಈಗ ಲೆಕ್ಕ. ತೂಕದ ಅಳತೆ ತೊಲ, 180 ಗ್ರೇನ್, ಇಂದಿನ 11.66 ಗ್ರಾಂ. ನಮ್ಮ ಚಿನ್ನದ ಲೆಕ್ಕದಲ್ಲಿ ಸುಮಾರು ಒಂದೂವರೆ ಪವನು. 1835ರ ಕಂಪೆನಿ ರೂಪಾಯಿಯ ತೂಕವೂ ಸರಿಯಾಗಿ 180 ಗ್ರೇನೇ, ಹಾಗಾಗಿ ತಕ್ಕಡಿಯಲ್ಲಿ ಒಂದು ಕಡೆ ರೂಪಾಯಿ ಇಟ್ಟರೆ ಒಂದು ತೊಲ ತೂಗಿದಂತೆಯೇ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1837ರ ಪಟ್ಟಿಯಲ್ಲಿ ಕಲ್ಕತ್ತಾದಿಂದ ಮುಂಬಯಿಗೆ ಒಂದು ತೊಲದ ಕಾಗದಕ್ಕೆ 1 ರೂಪಾಯಿ, ಆಗ್ರಾಕ್ಕೆ 12 ಆಣೆ. 1854ರ ಹೊಸ ದರ ಬಂದಾಗ ದೂರ ಎಷ್ಟೇ ಇರಲಿ, ಕಾಲು ತೊಲಕ್ಕೆ ಅರ್ಧ ಆಣೆ, ಅರ್ಧ ತೊಲಕ್ಕೆ 1 ಆಣೆ, ಒಂದು ತೊಲಕ್ಕೆ 2 ಆಣೆ. ಕಾಲು ತೊಲವೆಂದರೆ 2.92 ಗ್ರಾಂ; ನಾವೀಗ ಪ್ರಿಂಟರಿಗೆ ಹಾಕುವ ಒಂದು ಎ4 ಹಾಳೆಯೇ 4.7 ಗ್ರಾಂ ಬರುತ್ತದೆ. ಆ ಅರ್ಧ ಆಣೆ ದರಕ್ಕಾಗಿ ಜನ ಎಷ್ಟು ತೆಳು ಕಾಗದ ಹುಡುಕಿದರು ಎಂಬುದು ಇದರಿಂದ ಅರ್ಥವಾಗುತ್ತದೆ.

ಕಾಗದದ ಮೇಲೆ ಗೀಚಿದ ಅಂಕಿಯನ್ನು ಅಲಂಕಾರವೆಂದು ಬಿಡಬೇಡಿ, ಅದೇ ದರ. ಇಂಗ್ಲಿಷ್ ಗುಮಾಸ್ತರು ಆಣೆಯನ್ನು ಅಂಕಿಯಲ್ಲಿ ಬರೆದರೆ, ನಮ್ಮ ಕಡೆಯ ಶಾನುಭೋಗರ ಕೈ ಬೇರೆ: ನಿಂತ ಗೆರೆ ಒಂದಕ್ಕೆ ಕಾಲು ರೂಪಾಯಿ, ಅಂದರೆ 4 ಆಣೆ, ಅದರ ಪಕ್ಕದ ಅಡ್ಡ ಗೆರೆ ಒಂದೊಂದಕ್ಕೆ ಒಂದೊಂದು ವೀಸ, ಅಂದರೆ ಒಂದಾಣೆ. ಎರಡು ನಿಂತ ಗೆರೆ, ಒಂದು ಅಡ್ಡ ಗೆರೆ ಇದ್ದರೆ 9 ಆಣೆ. ಹಳೆಯ ಜಮೀನು ಲೆಕ್ಕದ ಕಡತ ಒಂದು ಮನೆಯಲ್ಲಿದ್ದರೆ ಅದನ್ನು ಮುಂದಿಟ್ಟುಕೊಂಡು ಎರಡು ಸಂಜೆ ಕೂತರೆ ಈ ಗೆರೆ ಓದಲು ಬರುತ್ತದೆ.

ಹತ್ತಿರದಿಂದ ಒಂದು ನಮೂನೆ ನೋಡೋಣ. 1856ರ ತಾರೀಖಿನ ಒಂದು ಕಾಗದ, ಚೀಟಿ ಇಲ್ಲ, ಅಂಟಿಸಿದ್ದ ಗುರುತೂ ಇಲ್ಲ, ಕಪ್ಪು ‘ಬೇರಿಂಗ್’ ಠಸ್ಸೆ, ಕೈಬರಹದಲ್ಲಿ 2 ಆಣೆ ಎಂದಿದೆ ಎನ್ನಿ. ಮಾರುವವನು ‘ಚೀಟಿಗೆ ಮುಂಚಿನದು’ ಎನ್ನುತ್ತಾನೆ. ಅಲ್ಲ, 1854ರ ನಂತರವೂ ಚೀಟಿ ಹಚ್ಚದೆ ಹಾಕಿದ ಕಾಗದಕ್ಕೆ ಇಮ್ಮಡಿ ವಸೂಲು ಮಾಡುತ್ತಿದ್ದರು. 2 ಆಣೆ ಅಂದರೆ 1 ಆಣೆಯ ಇಮ್ಮಡಿ, ಅಂದರೆ ಕಾಗದ ಕಾಲು ತೊಲಕ್ಕಿಂತ ಹೆಚ್ಚು, ಅರ್ಧ ತೊಲದೊಳಗೆ. ಈಗ 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ಅದನ್ನಿಡಿ. 2.92ಕ್ಕೂ 5.83ಕ್ಕೂ ನಡುವೆ ಬಂದರೆ ತಾಳೆ ಆಯಿತು. ಕಡಮೆ ಬಂದರೆ ಅರಗು ಉದುರಿರಬಹುದು ಅಥವಾ ಒಳಗೊಂದು ಚೂರು ಕಾಗದ ಇದ್ದಿರಬಹುದು. 9 ಗ್ರಾಂ ಬಂದರೆ ಮಾತ್ರ ಎಚ್ಚರ: ಹೊರ ಹಾಳೆ ಒಂದು ಕಾಗದದ್ದು, ಒಳ ಹಾಳೆ ಇನ್ನೊಂದರದ್ದು ಜೋಡಿಸಿರುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಕಾಗದ ನೀರು ಹೀರಿ ಶೇಕಡಾ ಕೆಲವು ಪಾಲು ತೂಕ ಏರುವುದನ್ನೂ ಬಿಟ್ಟುಕೊಡಬೇಕು.

ಹೊರ ಹಾಳೆ, ಒಳ ಹಾಳೆ ಒಂದೇ ಕಾಗದದ್ದೋ ಎಂದು ನೋಡುವುದು ಸುಲಭ. ಕಿಟಕಿಯ ಬೆಳಕಿಗೆ ಹಿಡಿಯಿರಿ. ಇಂಗ್ಲಿಷ್ ಕಾಗದವಾದರೆ ನೀರುಗುರುತಿನಲ್ಲಿ ಗಿರಣಿಯ ಹೆಸರು, 1794ರಿಂದೀಚೆಗೆ ಬಹಳಷ್ಟರಲ್ಲಿ ಇಸವಿಯೂ ಇರುತ್ತದೆ, ‘ಜೆ. ವಾಟ್‌ಮನ್’ ಎಂಬುದು ಪದೇ ಪದೇ ಕಾಣುವ ಹೆಸರು. ಹೆಸರು ಹಾಳೆಯ ಒಂದರ್ಧದಲ್ಲೂ ಇಸವಿ ಇನ್ನರ್ಧದಲ್ಲೂ ಬಿದ್ದಿರಬಹುದು. ಕಾಗದ ಹಡಗಿನಲ್ಲಿ ಬಂದು, ಅಂಗಡಿಯಲ್ಲಿ ಕೂತು, ಬರೆಯುವವನ ಮೇಜಿಗೆ ಬರುವಷ್ಟರಲ್ಲಿ ಒಂದೆರಡು ವರ್ಷ ಕಳೆಯುತ್ತದೆ; ಹಾಗಾಗಿ ನೀರುಗುರುತು 1838, ಒಕ್ಕಣೆಯ ತಾರೀಖು 1840 ಎಂದರೆ ಸರಿ. ನೀರುಗುರುತು ತಾರೀಖಿಗಿಂತ ಈಚಿನದಾಗಿದ್ದರೆ ಮತ್ತೆ ಮಾತಿಲ್ಲ, ಹಿಂದಕ್ಕೆ ಕೊಡಿ. ನಾಡ ಕಾಗದದಲ್ಲಿ ನೀರುಗುರುತು ಇರುವುದಿಲ್ಲ. ಕಲ್ಲಿನಿಂದ ತಿಕ್ಕಿ ನಯ ಮಾಡಿದ ಹೊಳಪು ಒಂದು ಮಗ್ಗುಲಿಗೆ ಹೆಚ್ಚಿರುತ್ತದೆ, ಓರೆ ಬೆಳಕಿನಲ್ಲಿ ತಿಕ್ಕಿದ ಪಟ್ಟೆಗಳು ಕಾಣುತ್ತವೆ.

ನಕಲಿಯಲ್ಲಿ ಅಪಾಯಕಾರಿ ಬಗೆ ಯಾವುದೆಂದರೆ ಕಾಗದ ಅಸಲಿ, ಠಸ್ಸೆ ಹೊಸತು. ಕೈಯಲ್ಲಿ ಒಯ್ಯಲು ಕೊಟ್ಟ, ಅಂಚೆಗೇ ಹೋಗದ ಹಳೆ ಕಾಗದ ಅಗ್ಗಕ್ಕೆ ಸಿಗುತ್ತದೆ. ಅದಕ್ಕೊಂದು ಊರ ಹೆಸರು ಒತ್ತಿದರೆ ಬೆಲೆ ಏರುತ್ತದೆ. ಹಿಡಿಯುವ ದಾರಿ ಮಡಿಕೆಯಲ್ಲಿದೆ. ಠಸ್ಸೆ ಬಿದ್ದಾಗ ಕಾಗದ ಹೊಸತು, ಮಡಿಕೆಯ ನಾರು ಗಟ್ಟಿ. ಅಸಲಿ ಠಸ್ಸೆ ಮಡಿಕೆಯ ಮೇಲೆ ಬಿದ್ದಿದ್ದರೆ, ಆಮೇಲೆ ಸವೆದು ಬಿರಿದ ಕಡೆ ಶಾಯಿಯೂ ನಾರಿನೊಟ್ಟಿಗೆ ಉದುರಿ ಬಿಳಿ ಗೆರೆ ಕಾಣುತ್ತದೆ. ಹೊಸದಾಗಿ ಒತ್ತಿದ್ದಾದರೆ ಶಾಯಿ ಆ ಬಿರುಕಿನೊಳಗೆ ಇಳಿದು, ಒಡೆದ ನಾರಿನ ತುದಿಗೂ ಹತ್ತಿರುತ್ತದೆ. ಕೆರೆದು ತೆಳುವಾದ ಜಾಗ, ಹುಳ ತಿಂದ ತೂತಿನ ಅಂಚು, ಕಲೆಯಾದ ಕಡೆ ಎಲ್ಲವೂ ಇದೇ ಪಾಠ ಹೇಳುತ್ತವೆ: ಹುಳದ ತೂತಿನ ಒಳ ಅಂಚಿಗೆ ಠಸ್ಸೆಯ ಶಾಯಿ ಮೆತ್ತಿದ್ದರೆ ಹುಳ ಮೊದಲು ಬಂದಿದೆ, ಠಸ್ಸೆ ಆಮೇಲೆ.

ಶಾಯಿಯ ಜಾತಿಯನ್ನೂ ನೋಡಿ. ಹಳೆಯದು ಎಣ್ಣೆಯಲ್ಲಿ ಕಲಸಿದ ಕಾಡಿಗೆ. ಎಣ್ಣೆ ಸುತ್ತ ಹರಡಿ ಕಾಗದದ ಹಿಂಬದಿಯಲ್ಲಿ ಹಳದಿ ಮಿಶ್ರಿತ ನೆರಳು ಬಿದ್ದಿರುತ್ತದೆ. ಇಂದಿನ ಠಸ್ಸೆ ಪ್ಯಾಡಿನ ನೀರು ಶಾಯಿ ನಾರು ಹಿಡಿದು ಕೂದಲಿನಂತೆ ಹರಡುತ್ತದೆ, ಎಣ್ಣೆಯ ನೆರಳಿರುವುದಿಲ್ಲ. ಆಗಿನ ಅಚ್ಚು ಲೋಹದ್ದು ಅಥವಾ ಮರದ್ದು, ಗಟ್ಟಿ ಅಂಚಿನದು. ಒಂದು ಕಡೆ ಹೆಚ್ಚು ಒತ್ತಿ ಇನ್ನೊಂದು ಕಡೆ ಮಾಸಿರುವುದು ಸಹಜ. ರಬ್ಬರ್ ಅಚ್ಚು ಬಂದದ್ದು ಬಹಳ ಆಮೇಲೆ. ಅಕ್ಷರದ ಅಂಚಿನಲ್ಲಿ ಶಾಯಿ ಹಿಂಡಿ ಹೊರಬಂದು ನಡುಭಾಗ ತೆಳುವಾಗಿ, ಎಲ್ಲ ಅಕ್ಷರವೂ ಸಮನಾಗಿ ಮೂಡಿದ್ದರೆ ಸಂಶಯಪಡಿ. 365 ನ್ಯಾನೋಮೀಟರಿನ ನೇರಳಾತೀತ (ಯುವಿ) ಟಾರ್ಚು ಒಂದು ಇಟ್ಟುಕೊಳ್ಳಿ; ತೇಪೆ ಹಚ್ಚಿದ ಹೊಸ ಕಾಗದ ಅದರ ಬೆಳಕಿಗೆ ನೀಲಿಬಿಳುಪಾಗಿ ಹೊಳೆಯುತ್ತದೆ, ಹಳೆ ಕಾಗದ ಮಂಕಾಗಿ ಉಳಿಯುತ್ತದೆ.

ಇದಕ್ಕೆ ಉಲ್ಟಾ ತಪ್ಪೂ ಇದೆ: ಅಸಲಿ ಗುರುತನ್ನು ಹಾಳೆಂದು ತಿಳಿಯುವುದು. ಮಂಗಳೂರಿನಿಂದ ಯುರೋಪಿಗೆ ಹೋದ ಕಾಗದದಲ್ಲಿ ಉಳಿ ಹೊಡೆದಂತೆ ನೇರ ಸೀಳುಗಳಿದ್ದರೆ ಅದು ಹರಿದದ್ದಲ್ಲ. ‘ಹ್ಯೂ ಲಿಂಡ್ಸೆ’ ಉಗಿಹಡಗು 1830ರ ಮಾರ್ಚಿನಲ್ಲಿ ಮುಂಬಯಿಯಿಂದ ಸೂಯೆಜ್‌ಗೆ ಹೊರಟ ಮೇಲೆ ಕಾಗದಗಳು ಈಜಿಪ್ಟಿನ ನೆಲ ದಾಟಿ ಅಲೆಕ್ಸಾಂಡ್ರಿಯದಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುತ್ತಿದ್ದವು. ಸೂಯೆಜ್ ಕಾಲುವೆ ಆಗಲು 1869 ಬರಬೇಕಾಯಿತು. ಪ್ಲೇಗಿನ ಹೆದರಿಕೆಗೆ ಮಾಲ್ಟಾದಂಥ ಬಂದರುಗಳಲ್ಲಿ ಕಾಗದ ಸೀಳಿ ಒಳಗೆ ಹೊಗೆ ಹಾಯಿಸುತ್ತಿದ್ದರು. ಸೀಳು ಎಲ್ಲ ಮಡಿಕೆಯಲ್ಲೂ ಒಂದೇ ರೇಖೆಯಲ್ಲಿ ಬಂದಿದ್ದರೆ, ಕಾಗದ ಮಡಚಿದ್ದಾಗಲೇ ಸೀಳಿದ್ದು ಎಂದು ಖಾತ್ರಿ. ಅದನ್ನು ಗೋಂದು ಹಚ್ಚಿ ಮುಚ್ಚಿದವರು ಚರಿತ್ರೆಯನ್ನೇ ಮುಚ್ಚಿದರು. ಬ್ರಿಟನ್ನಿಗೆ ಹಡಗಿನಲ್ಲಿ ಹೋದ ಕಾಗದವಾದರೆ ‘ಇಂಡಿಯಾ ಲೆಟರ್’ ಎಂಬ ಪದದೊಟ್ಟಿಗೆ ಅಲ್ಲಿಯ ಬಂದರಿನ ಹೆಸರಿರುತ್ತದೆ. ಅದು ಒತ್ತಿದ್ದು ಅಲ್ಲಿ, ಇಲ್ಲಿಯದ್ದಲ್ಲ.

ತಾರೀಖಿನ ತಾಳೆ ಕನ್ನಡದವರಿಗೆ ಸಿಕ್ಕಿದ ವರ. ಒಕ್ಕಣೆ ಕನ್ನಡದಲ್ಲಿದ್ದರೆ ಸಂವತ್ಸರದ ಹೆಸರು, ಮಾಸ, ತಿಥಿ ಇರುತ್ತದೆ. 60 ವರ್ಷದ ಚಕ್ರವಾದ್ದರಿಂದ ಲೆಕ್ಕ ಸುಲಭ: 2017-18 ಹೇವಿಳಂಬಿ, 180 ಕಳೆದರೆ 1837-38 ಕೂಡ ಹೇವಿಳಂಬಿ. 2027-28ರ ಪ್ಲವಂಗಕ್ಕೆ 1847-48. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ. ಆದರೆ ಯುಗಾದಿಯ ಆಸುಪಾಸಿಗೆ ಜಾಗ್ರತೆ. ಉದಾಹರಣೆಗೆ 1837ರ ಏಪ್ರಿಲ್. ಕಂಪೆನಿಯ ವಿರುದ್ಧ ದಂಗೆಯೆದ್ದು ಅಮರಸುಳ್ಯದಿಂದ ಹೊರಟ ದಂಡು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದ್ದು ಏಪ್ರಿಲ್ 5ಕ್ಕೆ. ಚಾಂದ್ರಮಾನ ಯುಗಾದಿ ಬಿದ್ದದ್ದು ಅದೇ ವಾರ, ತುಳುನಾಡಿನ ಸೌರಮಾನ ಯುಗಾದಿಯಾದ ಬಿಸು ಬಂದದ್ದು ಅದರ ಮುಂದಿನ ವಾರ. ಬರೆದವನು ಚಾಂದ್ರಮಾನದವನಾದರೆ ಹೇವಿಳಂಬಿ ಎಂದಾನು, ಸೌರಮಾನದವನಾದರೆ ಇನ್ನೂ ದುರ್ಮುಖಿಯಲ್ಲೇ ಇದ್ದಾನು, ದಿನ ಮಾತ್ರ ಒಂದೇ. ಆ ದಿನಗಳ ಮಂಗಳೂರಿನ ಕಾಗದ ಸಿಕ್ಕರೆ ಠಸ್ಸೆಯನ್ನು ಆಮೇಲೆ ನೋಡಿ, ಮೊದಲು ಒಳಗೆ ಏನು ಬರೆದಿದೆ ಓದಿ.

ಮಲಯಾಳದ ಒಕ್ಕಣೆಯಾದರೆ ಕೊಲ್ಲ ವರ್ಷ. 825 ಕೂಡಿಸುವುದು ಸ್ಥೂಲ ಲೆಕ್ಕ. ವರ್ಷದ ಮೊದಲ ತಿಂಗಳುಗಳಿಗೆ 824. ಇಲ್ಲಿಯ ಸೂಕ್ಷ್ಮ ಏನೆಂದರೆ ತೆಂಕು ಕೇರಳದಲ್ಲಿ ವರ್ಷ ಹೊರಳುವುದು ಚಿಂಙದಲ್ಲಿ, ಬಡಗು ಮಲಬಾರಿನಲ್ಲಿ ಕನ್ನಿಯಲ್ಲಿ. ತಲಶೇರಿಯವನು ಬರೆದದ್ದೋ ಕೊಚ್ಚಿಯವನು ಬರೆದದ್ದೋ ನೋಡದೆ ಹೋದರೆ ಚಿಂಙ ತಿಂಗಳ ಕಾಗದ ಒಂದು ವರ್ಷ ಆಚೀಚೆ ಆಗುತ್ತದೆ. ಹಳೆ ಮಲಯಾಳ ಅಂಕಿಯಲ್ಲಿ ಹತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಬೇರೆ ಬೇರೆ ಗುರುತುಗಳಿದ್ದವು ಎಂಬುದೂ ನೆನಪಿರಲಿ. ಕೊಂಕಣಿ ವ್ಯಾಪಾರಿಗಳ ಕಾಗದದಲ್ಲಿ, ಕಚೇರಿಯ ಷರಾಗಳಲ್ಲಿ ಮೋಡಿ ಲಿಪಿ ಬಂದರೆ ಓದಿಸಿಕೊಳ್ಳಲು ಬಲ್ಲವರನ್ನೇ ಹುಡುಕಬೇಕು. ಊಹೆ ಮಾಡಿ ಬರೆದಿಡಬೇಡಿ.

ಮೈಸೂರು ಅಂಚೆಯದ್ದು ಪ್ರತ್ಯೇಕ ಸಂಗ್ರಹಕ್ಕೇ ಯೋಗ್ಯ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರುಮಾಡಿದ್ದೆಂಬ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರುವವರೆಗೂ ಸ್ವಂತ ಅಂಟುಚೀಟಿ ಹೊರಡಿಸಲಿಲ್ಲ. ಅಂದರೆ ಅಲ್ಲಿ ಠಸ್ಸೆಯ ಕಾಲ ನಮಗಿಂತ 35 ವರ್ಷ ಹೆಚ್ಚು ನಡೆಯಿತು, ಅದೂ ಕನ್ನಡ ಅಕ್ಷರದ ಠಸ್ಸೆ. ಹೊರಗಿನ ಸಂಗ್ರಾಹಕರು ಊರ ಹೆಸರು ಓದಲಾರದೆ ‘ಸ್ಥಳೀಯ ಲಿಪಿ’ ಎಂದು ಬರೆದು ಮಾರುತ್ತಾರೆ. ಕನ್ನಡ ಓದಬಲ್ಲ ನಮಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಯಾವ ವಿಭಾಗದಲ್ಲೂ ಇಲ್ಲ. ಆದರೂ ಮಂಗಳೂರು, ಕಣ್ಣೂರಿನ ಹಿಂದೆಯೇ ಎಲ್ಲರೂ ಓಡುವುದು.

ಮಾಸಿದ ಠಸ್ಸೆ ಓದಲು ದುಬಾರಿ ಯಂತ್ರ ಬೇಡ. ಸಾಧಾರಣ ಸ್ಕ್ಯಾನರಿನಲ್ಲಿ 600 ಡಿಪಿಐಗೆ ಎರಡೂ ಮಗ್ಗುಲು ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇಟ್ಟು. ಚಿತ್ರ ತಿದ್ದುವ ಯಾವುದೇ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಪದರ ಬೇರೆಮಾಡಿ. ಮಾಸಿದ ಕೆಂಪು ಠಸ್ಸೆ ನೀಲಿ ಅಥವಾ ಹಸಿರು ಪದರದಲ್ಲಿ ಕರ್ರಗೆ ಎದ್ದು ನಿಲ್ಲುತ್ತದೆ. ಕಂದು ಕೈಬರಹದಡಿ ಹೂತ ಕಪ್ಪು ಠಸ್ಸೆಯಾದರೆ ಕೆಂಪು ಪದರ ನೋಡಿ. ಬರಹ ತೆಳುವಾಗಿ ಠಸ್ಸೆ ಉಳಿಯುತ್ತದೆ. ಅಳತೆ ಬರೆದಿಡುವಾಗ ಚೌಕಟ್ಟಿನ ಅಗಲ, ಎತ್ತರ, ಅಕ್ಷರದ ಎತ್ತರ ಮೂರನ್ನೂ ಬರೆಯಿರಿ. ಮುರಿದ ಅಕ್ಷರ, ಚೌಕಟ್ಟಿನ ಕಚ್ಚು ಇದ್ದರೆ ಅದನ್ನಂತೂ ಬಿಡಬಾರದು. ಒಂದೇ ಅಚ್ಚು ವರ್ಷ ಹೋದಂತೆ ಸವೆಯುತ್ತದೆ. ತಾರೀಖು ಗೊತ್ತಿರುವ ಎರಡು ಕಾಗದದ ನಡುವೆ ಆ ಕಚ್ಚು ಎಂದು ಬಂತೆಂದು ತಿಳಿದರೆ, ತಾರೀಖಿಲ್ಲದ ಮೂರನೆಯದನ್ನು ಎಲ್ಲಿ ಕೂರಿಸಬೇಕೆಂದು ತಿಳಿಯುತ್ತದೆ.

ಕೊಳ್ಳುವಾಗ ಒಂದು ಕಾನೂನಿನ ಮಾತು. 75 ವರ್ಷ ದಾಟಿದ, ಚಾರಿತ್ರಿಕ ಮೌಲ್ಯವಿರುವ ಹಸ್ತಪ್ರತಿ, ದಾಖಲೆಗಳು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅಂಥದ್ದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಹೊರದೇಶದ ಹರಾಜಿಗೆ ಹಾಕುತ್ತೇನೆಂದು ಹೊರಡುವವರು ಇದನ್ನು ತಿಳಿದಿರಬೇಕು. ಇನ್ನು ‘ಆನ್ ಸರ್ವಿಸ್’ ಎಂದು ಬರೆದು ಕಲೆಕ್ಟರರಿಗೆ ಕಳಿಸಿದ ಕಾಗದದ ಮೂಲೆಯಲ್ಲಿ ದಾರ ಪೋಣಿಸಿದ ತೂತು, ದಾಖಲೆ ಕೋಣೆಯ ನಂಬರು ಇದ್ದರೆ ಅದು ಯಾವ ಕಟ್ಟಿನಿಂದ ಕಳಚಿ ಬಂತೆಂದು ಮಾರುವವನನ್ನು ಕೇಳಿ. ಉತ್ತರ ತಡವರಿಸಿದರೆ ಮುಟ್ಟಬೇಡಿ. ಆ ಕಾಲದ ಜಿಲ್ಲಾ ದಾಖಲೆಗಳನ್ನು ನೋಡಬೇಕಾದರೆ ಚೆನ್ನೈಯ ಎಗ್ಮೋರಿನ ದಾಖಲಾಗಾರಕ್ಕೆ ಹೋಗಿ ನೋಡಬಹುದು.

ಇನ್ನು ಉಳಿಸಿಕೊಳ್ಳುವುದು. ನಮ್ಮೂರಿನ ಹವೆ ಕಾಗದಕ್ಕೆ ಶತ್ರು. ಪೇಟೆಯಲ್ಲಿ ಸಿಗುವ ಪಿವಿಸಿ ಚೀಲ ಬೇಡ. ಅದರ ಮೆದುಕಾರಿ ಎಣ್ಣೆ ಹೊರಬಂದು ಠಸ್ಸೆಯ ಶಾಯಿಯನ್ನು ಎಬ್ಬಿಸಿ ಚೀಲಕ್ಕೆ ಅಂಟಿಸುತ್ತದೆ. ಪಾಲಿಯೆಸ್ಟರ್ ಚೀಲವೇ ಬೇಕು. ಯಾವುದೆಂದು ಸಂಶಯವಿದ್ದರೆ ಒಂದು ತಾಮ್ರದ ತಂತಿ ಕೆಂಪಗೆ ಕಾಯಿಸಿ, ಚೀಲದ ಮೂಲೆಗೆ ತಾಗಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಪಿವಿಸಿ. ಇದನ್ನು ಅಂಗಳದಲ್ಲಿ ಮಾಡಿ, ಹೊಗೆ ಒಳ್ಳೆಯದಲ್ಲ. ಸೆಲ್ಲೋಟೇಪು, ರಬ್ಬರ್ ಬ್ಯಾಂಡು, ಸ್ಟೇಪಲ್, ಲ್ಯಾಮಿನೇಶನ್ ಯಾವುದೂ ಹತ್ತಿರ ಬರಬಾರದು. ನ್ಯಾಫ್ತಲೀನ್ ಗುಳಿಗೆ, ಹೊಗೆಸೊಪ್ಪು ಇಡುವ ಅಭ್ಯಾಸ ಹಳೆ ಮನೆಗಳಲ್ಲಿದೆ. ಎರಡೂ ಕಾಗದಕ್ಕೆ ಕಲೆ ಕೊಡುತ್ತವೆ.

ಗಡುಸಾಗಿ ಮಡಚಿದ ಕಾಗದ ಬಿಡಿಸಲು ತೇವ ಕೊಡಬೇಕು. ಮುಚ್ಚಳದ ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಒದ್ದೆ ಸ್ಪಂಜು, ಮೇಲೆ ಜಾಲರಿ, ಅದರ ಮೇಲೆ ಬ್ಲಾಟಿಂಗ್ ಪೇಪರು, ಆಮೇಲೆ ಕಾಗದ. ಎರಡು ಗಂಟೆಗೊಮ್ಮೆ ನೋಡಿ. ಮಡಿಕೆ ತಾನಾಗಿ ಸಡಿಲವಾದಾಗ ತೆಗೆದು, ಎರಡು ಬ್ಲಾಟಿಂಗ್ ಪೇಪರಿನ ನಡುವೆ ಗಾಜಿನ ಭಾರ ಹೇರಿ, ಮರುದಿನ ಬ್ಲಾಟಿಂಗ್ ಬದಲಿಸಿ. ಜಡಿಮಳೆಯ ಆಟಿ ತಿಂಗಳಲ್ಲಾದರೆ ಡಬ್ಬವೂ ಬೇಡ, ಮೇಜಿನ ಮೇಲಿಟ್ಟರೆ ಅರ್ಧ ದಿನಕ್ಕೆ ಮೆತ್ತಗಾಗುತ್ತದೆ, ನಾಲ್ಕು ದಿನ ಮರೆತರೆ ಬೂಷ್ಟು ಹಿಡಿಯುತ್ತದೆ. ಬರಹದ ಸುತ್ತ ಕಂದು ನೆರಳು ಬಂದು ಅಕ್ಷರದ ಕಡೆ ಕಾಗದ ತೂತಾಗಲು ಹೊರಟಿದ್ದರೆ ಈ ತೇವದ ಚಿಕಿತ್ಸೆ ಮಾಡಲೇಬಾರದು. ತೇವಕ್ಕೆ ಆ ಶಾಯಿಯ ಆಮ್ಲ ಇನ್ನೂ ಹರಡುತ್ತದೆ.

ಹುಳ ಇರುವ ಕಟ್ಟು ಬಂದರೆ ಮನೆಯ ಉಳಿದ ಸಂಗ್ರಹದ ಪಕ್ಕ ಇಡುವ ಮೊದಲು ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ತಣ್ಣನೆ ಕಾಗದಕ್ಕೆ ಬೆವರು ಕೂತು ಕೆಡುತ್ತದೆ. ಅರಗಿನ ಮುದ್ರೆ ಇಡಿಯಾಗಿ ಉಳಿದ ಕಾಗದಕ್ಕೆ ಈ ಉಪಾಯ ಬೇಡ, ಅರಗು ಬಿರಿಯುತ್ತದೆ.

ಉಳಿದದ್ದು ರಬ್ಬರ್ ಪಟ್ಟಿಯ ಮುಚ್ಚಳವಿರುವ ಗಾಳಿಯಾಡದ ಡಬ್ಬ. 30 ಲೀಟರಿನದಕ್ಕೆ ಸುಮಾರು 250 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಿಸುವ ಜಾತಿಯದ್ದು. ಕಿತ್ತಳೆ ಹಸಿರಾದರೆ ಓವನ್ನಿನಲ್ಲಿ 110ರಿಂದ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿ ಮತ್ತೆ ಹಾಕಿ. ಒಳಗೊಂದು ಪುಟ್ಟ ತೇವಮಾಪಕ ಇಟ್ಟು ತೇವ ಶೇಕಡಾ 45ರಿಂದ 55ರೊಳಗೆ ನಿಲ್ಲುವಂತೆ ನೋಡಿಕೊಳ್ಳಿ. 35ಕ್ಕಿಂತ ಇಳಿದರೆ ಜೆಲ್ ಕಡಮೆ ಮಾಡಿ, ಕಾಗದ ಹಪ್ಪಳದಂತೆ ಮುರಿಯುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮುಂಚೆ ಡಬ್ಬ ಮುಚ್ಚಿಬಿಡಿ. ಸ್ಕ್ಯಾನು, ಅಳತೆ, ಮಡಿಕೆ ಬಿಡಿಸುವ ಕೆಲಸವೆಲ್ಲ ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ.